ಪೂರ್ವಗ್ರಂಥಗಳು ಮತ್ತು ಹೈದರಾಬಾದಿನ ಒಂದು ಅಚ್ಚುಕೂಟ

ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ದಾಯಿರತುಲ್ ಮಾರಿಫ್ ಎಂಬ ಹಳೆಯ ಪ್ರಕಟಣ ಸಂಸ್ಥೆಯೊಂದಿದೆ. 1888ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಮುಖ್ಯ ಕಾಯಕ, ದೇಶವಿದೇಶಗಳ ಗ್ರಂಥಭಂಡಾರಗಳಲ್ಲಿ ಹಸ್ತಪ್ರತಿಗಳಾಗಿ ಉಳಿದಿದ್ದ ಅರಬ್ಬಿ ಕೃತಿಗಳನ್ನು ಪರಿಷ್ಕರಿಸಿ ಅಚ್ಚು ಹಾಕಿಸುವುದು. ಕೈರೋ, ಡಮಾಸ್ಕಸ್, ಇಸ್ತಾಂಬುಲ್‌ಗಳ ವಿದ್ವಾಂಸರಿಗೆ ಚೆನ್ನಾಗಿ ಪರಿಚಿತವಾದ ಈ ಹೆಸರು, ಅದೇ ಊರಿನಲ್ಲಿ ನೆಲೆಸಿರುವ ನಮ್ಮಂತಹ ಕನ್ನಡಿಗರಿಗೆ ಅಷ್ಟಾಗಿ ಪರಿಚಿತವಲ್ಲ. 1969ರಿಂದ 1984ರವರೆಗೆ ಈ ಸಂಸ್ಥೆ 22 ಸಂಪುಟಗಳಲ್ಲಿ ಒಂದು ಕುರ್‌ಆನ್ ಭಾಷ್ಯವನ್ನು ಪ್ರಕಟಿಸಿತು. ಅದರ ಹೆಸರು ‘ನಜ್ಮುದ್ದುರರ್’, ಎಂದರೆ ಮುತ್ತುಗಳ ಪೋಣಿಕೆ. ಬರೆದವನು 15ನೆಯ ಶತಮಾನದ ಬುರ್ಹಾನುದ್ದೀನ್ ಅಲ್ ಬಿಕಾಯಿ.

ಈ ಭಾಷ್ಯದಲ್ಲಿ ಒಂದು ವಿಶೇಷವುಂಟು. ಆದಮ, ನೋಹ, ಅಬ್ರಹಾಮ, ಮೋಶೆ, ಯೇಸು ಮೊದಲಾದವರ ಪ್ರಸ್ತಾಪ ಕುರ್‌ಆನಿನಲ್ಲಿ ಬಂದಾಗ ಭಾಷ್ಯಕಾರನು ಯೆಹೂದ್ಯರ ತೋರಾವನ್ನೂ ಕ್ರೈಸ್ತರ ಸುವಾರ್ತೆಗಳನ್ನೂ ತೆರೆದು, ಅಲ್ಲಿಂದ ದೀರ್ಘವಾಗಿ ಉದ್ಧರಿಸುತ್ತಾನೆ. ಮುಸಲ್ಮಾನರು ಬೈಬಲನ್ನು ಕೆಟ್ಟುಹೋದ ಗ್ರಂಥವೆಂದು ತಿಳಿಯುತ್ತಾರೆ, ಆದ್ದರಿಂದ ಅದನ್ನು ಮುಟ್ಟುವುದಿಲ್ಲ ಎಂಬುದು ನಮ್ಮಲ್ಲಿ ಹಲವರ ಗ್ರಹಿಕೆ. ಹಾಗಿದ್ದರೆ ಈ 22 ಸಂಪುಟಗಳನ್ನು ಹೇಗೆ ಅರ್ಥೈಸುವುದು? ಹೈದರಾಬಾದಿನ ವಿದ್ವತ್ ಪರಂಪರೆಯ ಬೆಳಕಿನಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ತತ್ತ್ವದ ಮಾತು. ಇಸ್ಲಾಮಿನ ವಿಶ್ವಾಸದ ಅಂಗಗಳಲ್ಲಿ ದೇವರು, ದೇವದೂತರು, ಪ್ರವಾದಿಗಳು, ಅಂತ್ಯದಿನ ಇವುಗಳೊಡನೆ ‘ಗ್ರಂಥಗಳು’ ಎಂಬುದೂ ಸೇರಿದೆ. ಇಲ್ಲಿ ಬಹುವಚನವನ್ನು ಗಮನಿಸಬೇಕು. ಮೂಸಾರಿಗೆ (ಮೋಶೆಗೆ) ತೌರಾತ್, ದಾವೂದರಿಗೆ (ದಾವೀದನಿಗೆ) ಝಬೂರ್, ಈಸಾರಿಗೆ (ಯೇಸುವಿಗೆ) ಇಂಜೀಲ್ ದೇವರಿಂದ ಬಂದವೆಂದು ನಂಬದೆ ಒಬ್ಬನು ಮುಸಲ್ಮಾನನಾಗಲಾರ. ಕುರ್‌ಆನಿನ 5ನೆಯ ಅಧ್ಯಾಯವು ತೌರಾತಿನಲ್ಲಿಯೂ ಇಂಜೀಲಿನಲ್ಲಿಯೂ ಮಾರ್ಗದರ್ಶನ ಮತ್ತು ಬೆಳಕು ಇವೆಯೆಂದು ಸಾರಿ, ಅನಂತರ ತನ್ನನ್ನು ಆ ಪೂರ್ವಗ್ರಂಥಗಳನ್ನು ದೃಢೀಕರಿಸುವ, ಅವುಗಳ ಮೇಲೆ ಕಾವಲಿರುವ ಗ್ರಂಥವೆಂದು ಬಣ್ಣಿಸಿಕೊಳ್ಳುತ್ತದೆ. ದೃಢೀಕರಣ ಮತ್ತು ಕಾವಲು ಎಂಬ ಈ ಎರಡು ಪಾತ್ರಗಳ ನಡುವೆಯೇ ಮುಂದಿನ ಹದಿಮೂರು ಶತಮಾನಗಳ ಚರ್ಚೆಯೆಲ್ಲ ಓಡಾಡಿದೆ.

ಆದರೆ ಇಂಜೀಲ್ ಎಂದೊಡನೆ ಕ್ರೈಸ್ತರ ಹೊಸ ಒಡಂಬಡಿಕೆಯನ್ನು ನೆನೆದರೆ ತೊಡಕಾಗುತ್ತದೆ. ಮುಸಲ್ಮಾನರ ಕಲ್ಪನೆಯಲ್ಲಿ ಇಂಜೀಲ್ ಯೇಸುವಿಗೆ ದೇವರು ದಯಪಾಲಿಸಿದ ಒಂದು ಗ್ರಂಥ. ಕ್ರೈಸ್ತರ ಬಳಿಯಿರುವುದು ಮತ್ತಾಯ, ಮಾರ್ಕ, ಲೂಕ, ಯೋಹಾನರ ಹೆಸರಿನ ನಾಲ್ಕು ಸುವಾರ್ತೆಗಳು. ಅವು ಯೇಸುವಿನ ಬದುಕನ್ನೂ ಬೋಧನೆಯನ್ನೂ ಅನುಯಾಯಿಗಳು ನಿರೂಪಿಸಿದ ಕಥನಗಳು. ಇಸ್ಲಾಮಿನ ವಿದ್ವಾಂಸನ ಕಣ್ಣಿಗೆ ಅವು ದೇವವಾಣಿಗಿಂತ ಹೆಚ್ಚಾಗಿ ಪ್ರವಾದಿಯ ಚರಿತ್ರೆಯಂತೆ, ಹದೀಸಿನಂತೆ ತೋರುತ್ತವೆ. ಕ್ರೈಸ್ತನಿಗಾದರೋ ದೇವರ ವಾಕ್ಯವೆಂದರೆ ಮೊದಲು ಯೇಸುವೇ. ಗ್ರಂಥವು ಅವನಿಗೆ ಸಾಕ್ಷಿ. ಎರಡೂ ಕಡೆಯವರು ‘ದೇವರ ಗ್ರಂಥ’ ಎಂಬ ಒಂದೇ ಪದವನ್ನು ಬಳಸುತ್ತ ಎರಡು ಬೇರೆ ವಸ್ತುಗಳನ್ನು ಕುರಿತು ಮಾತನಾಡುತ್ತಿರುತ್ತಾರೆ. ಎಷ್ಟೋ ವಾದಗಳು ಹುಟ್ಟಿದ್ದು ಇಲ್ಲಿಯೇ.

ಎರಡನೆಯ ತೊಡಕು ‘ತಹ್ರೀಫ್’ ಎಂಬ ಪರಿಕಲ್ಪನೆಯದು. ಮಾತನ್ನು ಅದರ ಸ್ಥಾನದಿಂದ ಪಲ್ಲಟಗೊಳಿಸುವುದು ಎಂದು ಅದರ ಅರ್ಥ. ಕುರ್‌ಆನಿನ 2, 4 ಮತ್ತು 5ನೆಯ ಅಧ್ಯಾಯಗಳಲ್ಲಿ ಪೂರ್ವಗ್ರಂಥಗಳನ್ನು ಪಡೆದವರಲ್ಲಿ ಕೆಲವರ ಮೇಲೆ ಈ ಆರೋಪ ಬರುತ್ತದೆ. ಆದರೆ ಅದೇ ಕುರ್‌ಆನಿನ 10ನೆಯ ಅಧ್ಯಾಯದಲ್ಲಿ, ಸಂಶಯ ಬಂದರೆ ನಿನಗಿಂತ ಮೊದಲು ಗ್ರಂಥವನ್ನು ಓದುತ್ತಿರುವವರನ್ನು ಕೇಳು ಎಂಬ ಆಶಯದ ಮಾತೂ ಇದೆ. ಪಲ್ಲಟವಾದದ್ದು ಅಕ್ಷರವೋ ಅರ್ಥವೋ? ಅಕ್ಷರವೇ ಬದಲಾಗಿದೆಯೆಂದರೆ ‘ತಹ್ರೀಫೆ ಲಫ್ಜಿ’. ಅಕ್ಷರ ಹಾಗೆಯೇ ಇದ್ದು ವ್ಯಾಖ್ಯಾನದಲ್ಲಿ ಅಪಾರ್ಥ ಮಾಡಲಾಗಿದೆಯೆಂದರೆ ‘ತಹ್ರೀಫೆ ಮಅನವಿ’.

ಕನ್ನಡದ ಓದುಗರಿಗೆ ಈ ಭೇದ ಅಪರಿಚಿತವಲ್ಲ. ವಚನಗಳ ಸಂಪಾದನೆಯಲ್ಲಿ ಯಾವುದು ಮೂಲ, ಯಾವುದು ಪ್ರಕ್ಷಿಪ್ತ ಎಂಬ ಪ್ರಶ್ನೆ ಫ. ಗು. ಹಳಕಟ್ಟಿಯವರ ಕಾಲದಿಂದಲೂ ನಮ್ಮ ವಿದ್ವಾಂಸರನ್ನು ಕಾಡಿದೆ. ಮೂಲವೆಂದು ಒಪ್ಪಿದ ವಚನವನ್ನೇ ಪರಸ್ಪರ ವಿರುದ್ಧವಾದ ಅರ್ಥಗಳಿಗೆ ಎಳೆದದ್ದೂ ಉಂಟು. ಮೊದಲನೆಯದು ಪಾಠದ ಪ್ರಶ್ನೆ, ಎರಡನೆಯದು ವ್ಯಾಖ್ಯಾನದ ಪ್ರಶ್ನೆ. ತಹ್ರೀಫಿನ ಚರ್ಚೆಯೂ ಈ ಎರಡು ದಾರಿಗಳಲ್ಲಿ ಸಾಗಿತು.

ಅಕ್ಷರವೇ ಬದಲಾಗಿದೆಯೆಂದು ಪ್ರಬಲವಾಗಿ ವಾದಿಸಿದವರಲ್ಲಿ ಸ್ಪೇನಿನ ಕಾರ್ಡೋಬಾದ ಇಬ್ನ್ ಹಜ್ಮ್ (994-1064) ಪ್ರಮುಖ. ಮೋಶೆಯ ಗ್ರಂಥವೆನ್ನುವುದರಲ್ಲಿಯೇ ಮೋಶೆಯ ಮರಣದ ವರ್ಣನೆ ಇರುವುದು ಹೇಗೆ ಎಂದು ಆತ ಕೇಳಿದ. ವಂಶಾವಳಿಗಳ, ಲೆಕ್ಕಗಳ ವಿರೋಧಗಳನ್ನು ಒಂದೊಂದಾಗಿ ಪಟ್ಟಿಮಾಡಿದ. ಆತನ ಸಮಕಾಲೀನನಾದ ಅಲ್ ಬಿರೂನಿ ಯಾವ ಆವೇಶವೂ ಇಲ್ಲದೆ, ಯೆಹೂದ್ಯರು, ಕ್ರೈಸ್ತರು, ಸಮಾರ್ಯರು ಇವರ ಬಳಿಯಿರುವ ತೋರಾದ ಪಾಠಗಳು ಕಾಲಗಣನೆಯಲ್ಲಿ ಒಂದಕ್ಕೊಂದು ಹೊಂದುವುದಿಲ್ಲವೆಂದು ಗುರುತಿಸಿದ್ದ. ಇಬ್ಬರೂ ಬೇರೆ ಬೇರೆ ಮನೋಧರ್ಮದವರು. ಆದರೆ ಇಬ್ಬರೂ ಆ ಗ್ರಂಥಗಳನ್ನು ಓದಿದವರು. ಪೂರ್ವಗ್ರಂಥಗಳು ಕೆಟ್ಟಿವೆಯೆಂದು ಸಾಧಿಸಲು ಕೂಡ ಅವುಗಳನ್ನು ಸಾಲುಸಾಲಾಗಿ ಓದಬೇಕಾಯಿತು.

ಓದಬಹುದೇ ಎಂಬುದೇ ವಿವಾದವಾಗಿತ್ತು. ಹದೀಸ್ ಸಂಗ್ರಹಗಳಲ್ಲಿ ಎರಡು ಬಗೆಯ ವೃತ್ತಾಂತಗಳಿವೆ. ಇಸ್ರಾಯೇಲರ ಕಥೆಗಳನ್ನು ಹೇಳುವುದರಲ್ಲಿ ದೋಷವಿಲ್ಲ ಎಂದು ಒಂದು ಸೂಚಿಸುತ್ತದೆ. ಉಮರ್ ಅವರು ತೋರಾದ ಒಂದು ಪ್ರತಿಯನ್ನು ತಂದಾಗ ಪ್ರವಾದಿಯವರು ಅಸಮಾಧಾನಗೊಂಡರೆಂದು ಇನ್ನೊಂದು ಹೇಳುತ್ತದೆ. ಇವೆರಡರ ನಡುವೆ ಮೂರನೆಯದೊಂದಿದೆ: ಗ್ರಂಥದವರು ಹೇಳಿದ್ದನ್ನು ನಿಜವೆಂದೂ ಒಪ್ಪಬೇಡಿ, ಸುಳ್ಳೆಂದೂ ತಳ್ಳಬೇಡಿ ಎಂಬ ಆಶಯದ್ದು. ಇಬ್ನ್ ತೈಮಿಯಾರಂತಹ (ನಿಧನ 1328) ಕಟ್ಟುನಿಟ್ಟಿನ ವಿದ್ವಾಂಸರೂ ಇದರಿಂದ ಮೂರು ವರ್ಗಗಳನ್ನು ಮಾಡಿಕೊಂಡರು. ಕುರ್‌ಆನಿಗೆ ಹೊಂದುವುದು ನಿಜ, ವಿರೋಧಿಸುವುದು ಸುಳ್ಳು, ಹೊಂದದೆಯೂ ವಿರೋಧಿಸದೆಯೂ ಇರುವುದರ ಬಗ್ಗೆ ತೀರ್ಪು ಕೊಡದೆ ಇರುವುದು. ಈ ಮೂರನೆಯ ವರ್ಗದ ವಿಸ್ತಾರ ದೊಡ್ಡದು. ತೀರ್ಪನ್ನು ತಡೆಹಿಡಿದು ಒಂದು ಗ್ರಂಥದೊಡನೆ ಬದುಕುವ ಅವಕಾಶವನ್ನು ಅದು ಉಳಿಸಿಕೊಟ್ಟಿತು.

ಈ ಅವಕಾಶವನ್ನು ಪೂರ್ಣವಾಗಿ ಬಳಸಿಕೊಂಡವನೇ ಅಲ್ ಬಿಕಾಯಿ. ಇಂದಿನ ಲೆಬನಾನಿನ ಬಿಕಾ ಕಣಿವೆಯಲ್ಲಿ 1406ರ ಸುಮಾರಿಗೆ ಹುಟ್ಟಿದ ಆತ ಕೈರೋಗೆ ಬಂದು, ಹದೀಸ್ ಶಾಸ್ತ್ರದ ಮಹಾವಿದ್ವಾಂಸ ಇಬ್ನ್ ಹಜರ್ ಅಸ್ಕಲಾನಿಯ ಶಿಷ್ಯನಾದ. 1456ರಲ್ಲಿ ತನ್ನ ಭಾಷ್ಯವನ್ನು ಆರಂಭಿಸಿದ. ಅವನಿಗಿಂತ ಹಿಂದಿನ ಭಾಷ್ಯಕಾರರು ಪೂರ್ವಪ್ರವಾದಿಗಳ ಕಥೆಗಳಿಗೆ ಬಾಯಿಂದ ಬಾಯಿಗೆ ಬಂದ ‘ಇಸ್ರಾಯೀಲಿಯಾತ್’ ಎಂಬ ದಂತಕಥೆಗಳನ್ನು ನೆಚ್ಚಿಕೊಂಡಿದ್ದರು. ಅಲ್ ಬಿಕಾಯಿ ಅವುಗಳನ್ನು ಬಿಟ್ಟು ನೇರವಾಗಿ ಗ್ರಂಥಕ್ಕೇ ಹೋದ. ಬೈಬಲಿನ ಅರಬ್ಬಿ ಅನುವಾದಗಳನ್ನು ಮುಂದಿಟ್ಟುಕೊಂಡು ಅವುಗಳಿಂದಲೇ ಉದ್ಧರಿಸಿದ.

ಕೈರೋದಲ್ಲಿ ಗದ್ದಲವೆದ್ದಿತು. ಎದುರಾಳಿಗಳಲ್ಲಿ ಮುಂಚೂಣಿಯಲ್ಲಿದ್ದವನು ಅದೇ ಗುರುವಿನ ಇನ್ನೊಬ್ಬ ಶಿಷ್ಯನಾದ ಅಲ್ ಸಖಾವಿ. ತೌರಾತ್ ಮತ್ತು ಇಂಜೀಲುಗಳಿಂದ ಉದ್ಧರಿಸುವುದು ನಿಷಿದ್ಧವೆಂದು ಸಾಧಿಸಲು ಆತ ಒಂದು ಪ್ರತ್ಯೇಕ ಕೃತಿಯನ್ನೇ ಬರೆದ. ಅಲ್ ಬಿಕಾಯಿ ಪ್ರತಿಯಾಗಿ ‘ಅಲ್ ಅಕ್ವಾಲುಲ್ ಕವೀಮಾ’ ಎಂಬ ಸಮರ್ಥನಾ ಗ್ರಂಥವನ್ನು ರಚಿಸಿದ. ತನಗಿಂತ ಹಿಂದೆ ಪೂರ್ವಗ್ರಂಥಗಳಿಂದ ಉದ್ಧರಿಸಿದ ಗಣ್ಯ ವಿದ್ವಾಂಸರ ಉದಾಹರಣೆಗಳನ್ನು ಕಲೆಹಾಕಿದ. ನಗರದ ಹಿರಿಯ ನ್ಯಾಯಾಧೀಶರಿಂದ, ಪಂಡಿತರಿಂದ ತನ್ನ ಭಾಷ್ಯಕ್ಕೆ ಲಿಖಿತ ಪ್ರಶಂಸೆಗಳನ್ನು ಪಡೆದ. ಆತನನ್ನು ಇಂದಿನ ಅರ್ಥದ ಉದಾರವಾದಿಯೆಂದು ತಿಳಿಯಬಾರದು. ಸೂಫಿ ಕವಿ ಇಬ್ನುಲ್ ಫಾರಿದ್‌ನ ಕಾವ್ಯವನ್ನೂ ಇಬ್ನ್ ಅರಬಿಯ ತತ್ತ್ವವನ್ನೂ ಆತ ಕಠೋರವಾಗಿ ಖಂಡಿಸಿದವನು. ಆ ಕಲಹಗಳಿಂದಲೇ ಕೈರೋದಲ್ಲಿ ನೆಲೆ ತಪ್ಪಿ, ಡಮಾಸ್ಕಸಿಗೆ ಹೋಗಿ 1480ರಲ್ಲಿ ತೀರಿಕೊಂಡ. ಸ್ವಮತದಲ್ಲಿ ಇಷ್ಟು ಬಿಗಿಯಾಗಿದ್ದವನು ಪರರ ಗ್ರಂಥವನ್ನು ಇಷ್ಟು ಆದರದಿಂದ ಓದಿದ್ದು ಯೋಚಿಸತಕ್ಕ ವಿಷಯ. ಮೂಸಾರ ಮೇಲಿನ ವಿಶ್ವಾಸವೇ ಅವನನ್ನು ಮೋಶೆಯ ಗ್ರಂಥದ ಬಳಿಗೆ ಕರೆದೊಯ್ದಿತ್ತು.

ಕೈರೋದಲ್ಲಿ ಈ ವಿವಾದ ನಡೆಯುತ್ತಿದ್ದ ಕಾಲಕ್ಕೇ ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನನು ತನ್ನ ಮದರಸಾವನ್ನು ಕಟ್ಟಿಸುತ್ತಿದ್ದ. 1472ರಲ್ಲಿ ಅದು ಪೂರ್ಣಗೊಂಡಿತು. ಇರಾನಿನಿಂದ, ಅರಬ್ ನಾಡುಗಳಿಂದ ದಖನಿಗೆ ವಿದ್ವಾಂಸರೂ ಗ್ರಂಥಗಳೂ ಬರುತ್ತಿದ್ದ ದಿನಗಳವು. 1956ರವರೆಗೆ ಬೀದರ, ಕಲಬುರಗಿ, ರಾಯಚೂರುಗಳು ಹೈದರಾಬಾದಿನೊಡನೆ ಒಂದೇ ರಾಜ್ಯದಲ್ಲಿದ್ದವು. ಹೈದರಾಬಾದಿನ ಅರಬ್ಬಿ ಪಾಂಡಿತ್ಯ ಬೆಳೆದದ್ದು ಈ ದಖನಿ ನೆಲದ ಹಳೆಯ ವ್ಯಾಸಂಗದ ಮೇಲೆಯೇ.

ಇನ್ನು ದಾಯಿರತುಲ್ ಮಾರಿಫಿಗೆ ಮರಳೋಣ. ಇಮಾದುಲ್ ಮುಲ್ಕ್ ಸೈಯದ್ ಹುಸೇನ್ ಬಿಲ್ಗ್ರಾಮಿ, ಮುಲ್ಲಾ ಅಬ್ದುಲ್ ಖಯ್ಯೂಮ್, ಮೌಲಾನಾ ಅನ್ವಾರುಲ್ಲಾ ಖಾನ್ ಇವರು ಸೇರಿ ನಿಜಾಮರ ಆಶ್ರಯದಲ್ಲಿ ಆರಂಭಿಸಿದ ಈ ಸಂಸ್ಥೆಯ ಕೀರ್ತಿಗೆ ಮುಖ್ಯ ಕಾರಣ ‘ರಿಜಾಲ್’ ಗ್ರಂಥಗಳು, ಎಂದರೆ ಹದೀಸನ್ನು ಹೇಳಿದವರ ಜೀವನವಿವರಗಳ ಕೋಶಗಳು. ಇಮಾಮ್ ಬುಖಾರಿಯ ‘ಅತ್ತಾರೀಖುಲ್ ಕಬೀರ್’, ಇಬ್ನ್ ಹಜರನ ‘ತಹ್‌ಜೀಬುತ್ತಹ್‌ಜೀಬ್’ ಮುಂತಾದವು ಹೈದರಾಬಾದಿನ ಅಚ್ಚಿನಲ್ಲಿಯೇ ಲೋಕಕ್ಕೆ ದೊರೆತವು. ಒಂದು ಮಾತನ್ನು ಯಾರು ಯಾರಿಂದ ಕೇಳಿದರು, ಅವರು ನಂಬತಕ್ಕವರೇ, ಇಬ್ಬರೂ ಒಂದೇ ಕಾಲದಲ್ಲಿ ಬದುಕಿದ್ದರೇ ಎಂದು ಪರೀಕ್ಷಿಸುವ ಶಾಸ್ತ್ರ ಇದು. ಹೇಳಿದವರ ಸರಪಳಿ ಎಲ್ಲಿಯೂ ತುಂಡಾಗಬಾರದು. ಪೂರ್ವಗ್ರಂಥಗಳ ಬಗ್ಗೆ ಮುಸಲ್ಮಾನ ವಿದ್ವಾಂಸರ ಸಂಶಯಕ್ಕೆ ಈ ಶಾಸ್ತ್ರವೂ ಒಂದು ಆಧಾರ. ಮೋಶೆಯಿಂದ, ಯೇಸುವಿನಿಂದ ಇಂದಿನವರೆಗೆ ಅಂತಹ ಸರಪಳಿಯನ್ನು ತೋರಿಸಿ ಎಂಬುದು ಅವರ ಸವಾಲು. ಪರಮತದ್ದೆಂಬ ಕಾರಣಕ್ಕೆ ಮಾತ್ರ ಹುಟ್ಟಿದ ಸಂಶಯ ಇದಲ್ಲ. ತಮ್ಮ ಪ್ರವಾದಿಯ ಹೆಸರಿನಲ್ಲಿ ಬಂದ ಮಾತುಗಳಿಗೂ ಇದೇ ಒರೆಗಲ್ಲನ್ನು ಅವರು ಹಿಡಿದಿದ್ದರು. ಹೀಗೆ ಸಂಶಯಿಸುವ ಶಾಸ್ತ್ರವನ್ನು ಅಚ್ಚು ಹಾಕಿದ ಸಂಸ್ಥೆಯೇ, ಇಬ್ನ್ ಹಜರನ ಗ್ರಂಥವನ್ನು ಮುದ್ರಿಸಿದ ಸಂಸ್ಥೆಯೇ, ಅವನ ಶಿಷ್ಯನು ಬೈಬಲನ್ನು ಉದ್ಧರಿಸಿ ಬರೆದ ಭಾಷ್ಯವನ್ನೂ ಮುದ್ರಿಸಿತು.

ಇದರ ನಡುವೆ 19ನೆಯ ಶತಮಾನವು ಚರ್ಚೆಯ ಸ್ವರೂಪವನ್ನೇ ಬದಲಿಸಿತ್ತು. 1854ರ ಏಪ್ರಿಲಿನಲ್ಲಿ ಆಗ್ರಾದಲ್ಲಿ ಜರ್ಮನ್ ಮಿಷನರಿ ಫಾಂಡರ್ ಮತ್ತು ಮೌಲಾನಾ ರಹಮತುಲ್ಲಾ ಕೈರಾನವಿ ಇವರ ನಡುವೆ ಬಹಿರಂಗ ವಾದ ನಡೆಯಿತು. ಮುಸಲ್ಮಾನರ ಪಕ್ಷದಲ್ಲಿದ್ದ ವೈದ್ಯ ವಜೀರ್ ಖಾನರು ಯೂರೋಪಿನ ಬೈಬಲ್ ವಿಮರ್ಶಕರ ಪುಸ್ತಕಗಳನ್ನೇ ಮುಂದಿಟ್ಟು, ಪಾಠಾಂತರಗಳಿರುವುದನ್ನು ನಿಮ್ಮ ವಿದ್ವಾಂಸರೇ ಒಪ್ಪಿದ್ದಾರಲ್ಲ ಎಂದು ಕೇಳಿದರು. ಮುಂದೆ ಕೈರಾನವಿಯವರ ‘ಇಜ್‌ಹಾರುಲ್ ಹಕ್’ ಈ ವಾದಗಳನ್ನು ಅರಬ್ ಜಗತ್ತಿಗೂ ಕೊಂಡೊಯ್ದಿತು. ಇದಕ್ಕೆ ಬೇರೆಯೇ ದಿಕ್ಕನ್ನು ಹಿಡಿದವರು ಸರ್ ಸೈಯದ್ ಅಹಮದ್ ಖಾನ್. 1862 ಮತ್ತು 1865ರಲ್ಲಿ ಅವರು ‘ತಬ್ಯೀನುಲ್ ಕಲಾಮ್’ ಎಂಬ ಬೈಬಲ್ ವ್ಯಾಖ್ಯಾನದ ಭಾಗಗಳನ್ನು ಉರ್ದು ಮತ್ತು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಪಲ್ಲಟವಾದದ್ದು ಮುಖ್ಯವಾಗಿ ಅರ್ಥ, ಪಾಠವಲ್ಲ ಎಂಬುದು ಅವರ ನಿಲುವು. ವಾದದ ವೇದಿಕೆಯಿಂದ ಇಳಿದು, ಒಬ್ಬ ಮುಸಲ್ಮಾನನು ಬೈಬಲಿಗೆ ಭಾಷ್ಯ ಬರೆಯಲು ಕುಳಿತದ್ದು ಹೊಸ ಘಟನೆ.

ಸರ್ ಸೈಯದರ ಬಳಗದ ಇಬ್ಬರು ಪ್ರಮುಖರು ಹೈದರಾಬಾದಿನ ಆಡಳಿತದಲ್ಲಿ ಉನ್ನತ ಹುದ್ದೆಗಳಲ್ಲಿದ್ದರು. ಒಬ್ಬರು ಮೊಹಸಿನುಲ್ ಮುಲ್ಕ್; ಇನ್ನೊಬ್ಬರು 1877ರಲ್ಲಿ ಇಲ್ಲಿಗೆ ಬಂದ ಮೌಲವಿ ಚಿರಾಗ್ ಅಲಿ (1844-1895). ಕ್ರೈಸ್ತ ಟೀಕಾಕಾರರಿಗೆ ಉತ್ತರ ಬರೆಯುತ್ತ ಚಿರಾಗ್ ಅಲಿ ಒಂದು ದಿಟ್ಟ ಹೆಜ್ಜೆ ಇಟ್ಟರು. ಪೂರ್ವಗ್ರಂಥಗಳಿಗೆ ಮುಸಲ್ಮಾನರು ಹಾಕುತ್ತಿದ್ದ ಪ್ರಶ್ನೆಗಳನ್ನು ಹದೀಸ್ ಸಂಗ್ರಹಗಳಿಗೂ ಹಾಕಿ, ಅವುಗಳಲ್ಲಿ ಬಹುಭಾಗವನ್ನು ನೆಚ್ಚಲಾಗದೆಂದು ಬಗೆದರು. ಸಾಂಪ್ರದಾಯಿಕ ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಆದರೂ ಪರರ ಗ್ರಂಥವನ್ನು ಅಳೆಯುವ ಕೋಲನ್ನು ತನ್ನ ಮನೆಯೊಳಗೂ ಹಿಡಿಯುವ ಪ್ರಾಮಾಣಿಕತೆ ಅದರಲ್ಲಿತ್ತು.

ಮುಂದಿನ ತಲೆಮಾರಿನಲ್ಲಿ ಹೈದರಾಬಾದಿಗೆ ಬಂದವರು ಮಾರ್ಮಡ್ಯೂಕ್ ಪಿಕ್ತಾಲ್. ಆಂಗ್ಲಿಕನ್ ಪಾದ್ರಿಯೊಬ್ಬರ ಮಗನಾಗಿ 1875ರಲ್ಲಿ ಹುಟ್ಟಿ, ಕಾದಂಬರಿಕಾರರಾಗಿ ಹೆಸರು ಮಾಡಿ, 1917ರಲ್ಲಿ ಇಸ್ಲಾಮನ್ನು ಸ್ವೀಕರಿಸಿದ ಅವರು 1925ರಿಂದ 1935ರವರೆಗೆ ನಿಜಾಮರ ಸೇವೆಯಲ್ಲಿದ್ದರು. ಚಾದರ್‌ಘಾಟ್ ಶಾಲೆಯ ಪ್ರಾಂಶುಪಾಲರಾಗಿದ್ದರು. 1927ರಲ್ಲಿ ಆರಂಭವಾದ ‘ಇಸ್ಲಾಮಿಕ್ ಕಲ್ಚರ್’ ಪತ್ರಿಕೆಯ ಸಂಪಾದಕರಾಗಿದ್ದರು. ನಿಜಾಮ್ ಸರ್ಕಾರ ಕೊಟ್ಟ ರಜೆಯಲ್ಲಿ ಪೂರೈಸಿದ ಅವರ ಕುರ್‌ಆನ್ ಅನುವಾದ 1930ರಲ್ಲಿ ಹೊರಬಂದಿತು. ದೇವರಿಗೆ ‘ಅಲ್ಲಾಹ್’ ಎಂಬ ಹೆಸರನ್ನೇ ಉಳಿಸಿಕೊಂಡ ಅನುವಾದಕರು ಇಬ್ರಾಹೀಮ್, ಮೂಸಾ, ಈಸಾ ಇವರನ್ನು ಇಂಗ್ಲಿಷ್ ಬೈಬಲಿನ ಹೆಸರುಗಳಿಂದಲೇ ಕರೆದರು. ವಾಕ್ಯಗಳ ನಡಿಗೆಯೂ 17ನೆಯ ಶತಮಾನದ ಇಂಗ್ಲಿಷ್ ಬೈಬಲಿನದು. ಇಂಗ್ಲಿಷಿನಲ್ಲಿ ದೇವವಾಣಿಯ ಗಾಂಭೀರ್ಯಕ್ಕೆ ಸಿದ್ಧವಾದ ಭಾಷೆ ಆ ಬೈಬಲಿನಲ್ಲಿಯೇ ಇತ್ತು. ಅಲ್ ಬಿಕಾಯಿ ಕಥೆಗಾಗಿ ಪೂರ್ವಗ್ರಂಥದ ಬಳಿಗೆ ಹೋದರೆ ಪಿಕ್ತಾಲ್ ನುಡಿಗಾಗಿ ಹೋದರು.

ಹೈದರಾಬಾದಿನ ಮತ್ತೊಬ್ಬ ವಿದ್ವಾಂಸರನ್ನು ಇಲ್ಲಿ ನೆನೆಯಬೇಕು. 1908ರಲ್ಲಿ ಇಲ್ಲಿ ಹುಟ್ಟಿ, ಉಸ್ಮಾನಿಯಾದಲ್ಲಿ ಓದಿ, 1948ರ ನಂತರ ಪ್ಯಾರಿಸಿನಲ್ಲಿ ನೆಲೆಸಿದ ಡಾ. ಮುಹಮ್ಮದ್ ಹಮೀದುಲ್ಲಾ ಕುರ್‌ಆನನ್ನು ಫ್ರೆಂಚ್ ಭಾಷೆಗೆ ಅನುವಾದಿಸಿದವರು. ಹದೀಸುಗಳು ಬಹುಕಾಲ ಬಾಯಿಮಾತಿನಲ್ಲಿದ್ದು ತಡವಾಗಿ ಬರಹಕ್ಕಿಳಿದವು ಎಂಬ ಆಕ್ಷೇಪಕ್ಕೆ ಉತ್ತರವಾಗಿ, ಹಮ್ಮಾಮ್ ಇಬ್ನ್ ಮುನಬ್ಬಿಹ್ ಎಂಬಾತನು ಬಹು ಹಿಂದೆಯೇ ಬರೆದಿಟ್ಟ ಹದೀಸುಗಳ ಚಿಕ್ಕ ಸಂಗ್ರಹವನ್ನು ಬರ್ಲಿನ್ ಮತ್ತು ಡಮಾಸ್ಕಸಿನ ಹಸ್ತಪ್ರತಿಗಳಿಂದ ಅವರು ಬೆಳಕಿಗೆ ತಂದರು. ಈ ಹಮ್ಮಾಮನಿಗೆ ವಹಬ್ ಎಂಬ ಸಹೋದರನಿದ್ದ. ಯೆಮನ್ ದೇಶದ ಈ ವಹಬ್ ಯೆಹೂದ್ಯ, ಕ್ರೈಸ್ತ ಮೂಲದ ಪ್ರವಾದಿಕಥೆಗಳನ್ನು ಮುಸಲ್ಮಾನರಿಗೆ ಹೇಳಿದವರಲ್ಲಿ ಅತ್ಯಂತ ಪ್ರಸಿದ್ಧ. ಅವನ ಹೆಸರಿನಲ್ಲಿ ಬಂದ ‘ಕಿತಾಬುತ್ತೀಜಾನ್’ ಎಂಬ ಕೃತಿಯನ್ನು 1928ರಲ್ಲಿ ಪ್ರಕಟಿಸಿದ್ದು ಇದೇ ದಾಯಿರತುಲ್ ಮಾರಿಫ್. ಒಬ್ಬ ಸಹೋದರ ತನ್ನ ಗುರುವಿನ ಮಾತನ್ನು ಅಕ್ಷರ ತಪ್ಪದಂತೆ ಬರೆದಿಟ್ಟುಕೊಂಡ. ಇನ್ನೊಬ್ಬ ಪೂರ್ವಸಮುದಾಯಗಳ ಕಥೆಗಳನ್ನು ಹರಡಿದ. ಹೈದರಾಬಾದಿನ ವಿದ್ವತ್ತು ಇಬ್ಬರನ್ನೂ ಕಾಪಾಡಿತು.

ಈ ಚರಿತ್ರೆಯಿಂದ ನಾವು ತಿಳಿಯಬೇಕಾದದ್ದು, ಪೂರ್ವಗ್ರಂಥಗಳ ಬಗ್ಗೆ ಮುಸಲ್ಮಾನರ ನಿಲುವು ಒಂದೇ ವಾಕ್ಯದಲ್ಲಿ ಮುಗಿಯತಕ್ಕದ್ದಲ್ಲ ಎಂಬುದು. ಅವು ದೇವರಿಂದ ಬಂದವೆಂಬ ವಿಶ್ವಾಸ, ಇಂದು ಇರುವ ಪಾಠ ಅದೇ ಹೌದೇ ಎಂಬ ಸಂಶಯ, ಎರಡನ್ನೂ ಹೊತ್ತುಕೊಂಡೇ ಆ ಪರಂಪರೆ ನಡೆದುಬಂದಿದೆ. ಇಂದಿನ ಚರ್ಚೆಗಳಲ್ಲಿ ‘ನಿಮ್ಮ ಗ್ರಂಥ ತಿದ್ದಲ್ಪಟ್ಟದ್ದು’ ಎಂಬ ಮಾತನ್ನು ಸಂವಾದ ಮುಗಿಸಲು ಬಳಸುವವರುಂಟು. ‘ಅವರು ನಮ್ಮ ಗ್ರಂಥವನ್ನು ಒಪ್ಪುವುದೇ ಇಲ್ಲ’ ಎಂದು ಬಾಗಿಲು ಹಾಕಿಕೊಳ್ಳುವವರೂ ಉಂಟು. ಇಬ್ನ್ ಹಜ್ಮ್‌ನಿಂದ ಸರ್ ಸೈಯದರವರೆಗೆ ಆ ಮಾತು ಓದಿಗೆ ಕಾರಣವಾಯಿತೆಂಬುದನ್ನು ಇಬ್ಬರೂ ಮರೆತಿದ್ದಾರೆ.

ಅಲ್ ಬಿಕಾಯಿಯ ಸಂಪುಟಗಳು ಹೊರಬರುತ್ತಿದ್ದ ವರ್ಷಗಳಲ್ಲಿಯೇ, 1970ರ ದಶಕದ ಆರಂಭದಲ್ಲಿ, ಕ್ರೈಸ್ತರ ಹೆನ್ರಿ ಮಾರ್ಟಿನ್ ಸಂಸ್ಥೆ ಹೈದರಾಬಾದಿಗೆ ಬಂದು ನೆಲೆಸಿತು. 1930ರಲ್ಲಿ ಲಾಹೋರಿನಲ್ಲಿ ಮಿಷನರಿಗಳಿಗೆ ಇಸ್ಲಾಮನ್ನು ಕಲಿಸಲೆಂದು ಹುಟ್ಟಿದ ಆ ಸಂಸ್ಥೆ ಕ್ರಮೇಣ ಧರ್ಮಗಳ ನಡುವಿನ ಸಂವಾದವನ್ನೇ ತನ್ನ ಕೆಲಸವಾಗಿಸಿಕೊಂಡಿತು. ಹೀಗೆ ಒಂದೇ ನಗರದಲ್ಲಿ ಕ್ರೈಸ್ತರು ಕುರ್‌ಆನನ್ನು ಓದುತ್ತಿದ್ದರು. ಬೈಬಲಿನ ಪುಟಗಳನ್ನು ಒಳಗೊಂಡ ಕುರ್‌ಆನ್ ಭಾಷ್ಯವೊಂದು ಮುಸಲ್ಮಾನ ವಿದ್ವಾಂಸರ ಕೈಯಲ್ಲಿ ಸಂಪುಟ ಸಂಪುಟವಾಗಿ ಸಿದ್ಧವಾಗುತ್ತಿತ್ತು. ಕೈರೋದಲ್ಲಿ ಐನೂರು ವರ್ಷಗಳ ಹಿಂದೆ ನಿಷೇಧಿಸಬೇಕೆಂದು ಕೂಗೆದ್ದಿದ್ದ ಆ ಉದ್ಧರಣೆಗಳು ಈಗ ಹೈದರಾಬಾದಿನ ಅಚ್ಚಿನಲ್ಲಿ, ಓದಬಯಸುವ ಯಾರಿಗಾದರೂ ದೊರೆಯುವಂತಿವೆ.